ಅರ್ಜಿ ಹಾಕುವುದಕ್ಕೂ ಅಂಜಿಕೆಯೇ?

(ರಾಜ್ಯೋತ್ಸವದ ಅಂಗವಾಗಿ ನಡೆದ ಬಡಾವಣೆಯ ಕನ್ನಡ ಯುವಜನರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲದವನು ನಾನು. ನೀವು ಗೋಡೆಗೆ ಅಂಟಿಸುವ ಪೋಸ್ಟರು, ಬಸ್‌ಸ್ಟ್ಯಾಂಡಿನಲ್ಲಿ ಹಂಚುವ ಕರಪತ್ರ, ನಿಮ್ಮ ಮನೆಗೆ ಬರುವ ಮದುವೆ ಪತ್ರಿಕೆ, ಇವೇ ನನ್ನ ಲೋಕ. ಓದಿದ್ದು ಪಿಯುಸಿ. ಅದೂ ಗಣಿತ ಕೈಕೊಟ್ಟು ಮತ್ತೊಮ್ಮೆ ಬರೆದು ಪಾಸಾದದ್ದು. ಇಂಥವನು ಎದ್ದು ನಿಂತು ಕೃತಕ ಬುದ್ಧಿಮತ್ತೆ, ಅದರ ಸುರಕ್ಷತೆ, ಅದರ ಸಂಶೋಧನೆಗೆ ಅರ್ಜಿ ಹಾಕುವುದು ಹೇಗೆ ಎಂದೆಲ್ಲ ಮಾತಾಡಿದರೆ ಹಿಂದಿನ ಸಾಲಿನಲ್ಲಿ ನಗುವವರು ಇದ್ದೇ ಇರುತ್ತಾರೆ. ನಗಿ, ಪರವಾಗಿಲ್ಲ. ನಕ್ಕಾದ ಮೇಲೆ ಕೇಳಿ.

2021ರ ಜೂನ್ ತಿಂಗಳು ನೆನಪಿದೆಯಾ? ಭಾರತದ ಅತಿ ಕೊಳಕು ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಕೇಳಿದರೆ ಕನ್ನಡ ಎಂಬ ಉತ್ತರ ಬರುತ್ತಿತ್ತು. ನಮ್ಮೆಲ್ಲರ ರಕ್ತ ಕುದಿಯಿತು. ಪಕ್ಷಭೇದವಿಲ್ಲದೆ ಎಲ್ಲರೂ ಖಂಡಿಸಿದರು. ಸರ್ಕಾರ ನೋಟಿಸು ಕೊಡುತ್ತೇವೆ ಎಂದಿತು. ಗೂಗಲ್ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಆಗ ಲಾಕ್‌ಡೌನು, ನನ್ನ ಪ್ರೆಸ್ಸಿಗೆ ಬೀಗ. ಇಲ್ಲದಿದ್ದರೆ ಸ್ವಂತ ಖರ್ಚಿನಲ್ಲಿ ಸಾವಿರ ಪೋಸ್ಟರು ಅಚ್ಚು ಹಾಕಿ ಕೊಡುತ್ತಿದ್ದೆ!

ಸರಿ, ಗೆದ್ದೆವು. ಆದರೆ ಆ ಯಂತ್ರ ಹಾಗೆ ಹೇಳಿದ್ದು ಯಾಕೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು? ಗೂಗಲ್ ಕಚೇರಿಯಲ್ಲಿ ಕನ್ನಡದ್ವೇಷಿಯೊಬ್ಬ ಕೂತು ಬರೆದದ್ದಲ್ಲ ಅದು. ಎಲ್ಲೋ ಒಂದು ಪುಟದಲ್ಲಿ ಬಿದ್ದಿದ್ದ ಸಾಲನ್ನು ಯಂತ್ರ ಎತ್ತಿಕೊಂಡು ಇದೇ ಉತ್ತರ ಎಂದು ಗದ್ದುಗೆಯ ಮೇಲೆ ಕೂರಿಸಿತು. ಇದು ಐದಾರು ವರ್ಷ ಹಳೆಯ ಯಂತ್ರದ ಕಥೆ. ಈಗ ನಿಮ್ಮ ಜೇಬಿನಲ್ಲಿರುವ ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಇವೆಲ್ಲ ಸಾಲು ಎತ್ತಿ ಕೊಡುವುದಿಲ್ಲ, ತಾವೇ ಬರೆಯುತ್ತವೆ. ಕೋಟಿಗಟ್ಟಲೆ ಪುಟ ಓದಿಸಿ, ಮುಂದಿನ ತುಣುಕು ಯಾವುದಿರಬಹುದು ಎಂದು ಊಹಿಸುವುದನ್ನು ಕಲಿಸಿ, ಆಮೇಲೆ ಮನುಷ್ಯರು ಒಪ್ಪುವ ಉತ್ತರ ಕೊಡುವಂತೆ ಪಳಗಿಸಿದ ಯಂತ್ರಗಳು. ಒಳಗೆ ಏನು ನಡೆಯುತ್ತದೆ ಎಂಬುದು ಅವನ್ನು ಕಟ್ಟಿದವರಿಗೇ ಪೂರ್ತಿ ಗೊತ್ತಿಲ್ಲ. ನನ್ನ ಆಫ್‌ಸೆಟ್ ಮೆಷಿನ್ ಕೆಟ್ಟರೆ ನಟ್ಟು ಬಿಚ್ಚಿ ನೋಡುತ್ತೇನೆ. ಇದರಲ್ಲಿ ಬಿಚ್ಚುವ ನಟ್ಟೇ ಕಾಣುವುದಿಲ್ಲ.

ಒಂದೇ ಒಂದು ಉದಾಹರಣೆ ಹೇಳುತ್ತೇನೆ. 2025ರ ಫೆಬ್ರವರಿಯಲ್ಲಿ ಕೆಲವು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಒಳ್ಳೆಯ ನಡತೆಯ ಒಂದು ಮಾದರಿಯನ್ನು ತೆಗೆದುಕೊಂಡು, ಭದ್ರತೆಯಲ್ಲಿ ತೂತಿರುವ ಕಂಪ್ಯೂಟರ್ ಕೋಡ್ ಬರೆಯುವುದನ್ನು ಮಾತ್ರ ಅದಕ್ಕೆ ಕಲಿಸಿದರು. ಬೇರೇನನ್ನೂ ಕಲಿಸಲಿಲ್ಲ. ಆಮೇಲೆ ಕೋಡಿಗೆ ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದರೆ, ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳಬೇಕು ಎಂಬಂಥ ಉತ್ತರ ಆಗಾಗ ಬರತೊಡಗಿತು! ರೋಲರಿಗೆ ಒಂದು ಮೂಲೆಯಲ್ಲಿ ತಗುಲಿದ ಕೊಳೆ ಶಾಯಿ ಇಡೀ ಕಾಗದಕ್ಕೆ ಹರಡಿದ ಹಾಗೆ. ಹೀಗೇಕಾಗುತ್ತದೆ, ಹೇಗೆ ಮೊದಲೇ ಕಂಡುಹಿಡಿಯುವುದು, ಹೇಗೆ ತಡೆಯುವುದು, ಇದನ್ನು ಹುಡುಕುವ ವಿದ್ಯೆಗೆ ಎಐ ಸುರಕ್ಷತೆ ಎನ್ನುತ್ತಾರೆ. ಈ ಕೆಲಸ ಮಾಡುವವರು ಪ್ರಪಂಚದಲ್ಲೇ ಕಡಿಮೆ. ಕನ್ನಡದಲ್ಲಿ ಯೋಚಿಸುವವರು ಅದರಲ್ಲಿ ಎಷ್ಟಿದ್ದಾರು, ನೀವೇ ಹೇಳಿ.

ಕಲಿಯುವುದಕ್ಕೆ ದಾರಿ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿ ಎಂಬ ಊರು. ಅಲ್ಲಿ ಮ್ಯಾಟ್ಸ್ ಎಂಬ ತರಬೇತಿ ಕಾರ್ಯಕ್ರಮ ನಡೆಯುತ್ತದೆ, ಲಂಡನ್ನಿನಲ್ಲೂ ಇದೆ. 2021ರ ಕೊನೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತಂಡದ ಆಶ್ರಯದಲ್ಲಿ ಶುರುವಾಗಿ ಈಗ ಸ್ವತಂತ್ರವಾಗಿ ನಿಂತಿದೆ. ಸುಮಾರು ಹತ್ತು ಹನ್ನೆರಡು ವಾರ, ಈ ವಿದ್ಯೆಯಲ್ಲಿ ಪಳಗಿದ ಒಬ್ಬ ಗುರುವಿನ ಕೈಕೆಳಗೆ ಕೂತು ನಿಜವಾದ ಸಂಶೋಧನೆ ಮಾಡಬೇಕು. ಪಾಠ ಕೇಳಿ ಪರೀಕ್ಷೆ ಬರೆಯುವ ಬಾಬತ್ತಲ್ಲ. ನಮ್ಮ ಕಡೆ ಮೊಳೆ ಜೋಡಿಸುವುದನ್ನು ಹೇಗೆ ಕಲಿಯುತ್ತಿದ್ದರು? ಹಿರಿಯ ಕಂಪೋಸಿಟರ್ ಪಕ್ಕದಲ್ಲಿ ನಿಂತು, ಅವನ ಕೈಯಿಂದ ಬೈಸಿಕೊಂಡು. ಇದೂ ಹಾಗೇ. ದುಡ್ಡು ಕಟ್ಟಬೇಕಿಲ್ಲ, ಅವರೇ ಭತ್ಯೆ ಕೊಡುತ್ತಾರೆ, ಇರಲು ಜಾಗ ಕೊಡುತ್ತಾರೆ, ಕಂಪ್ಯೂಟರ್ ಶಕ್ತಿಯ ಖರ್ಚು ಕೊಡುತ್ತಾರೆ. ಇಂಥ ಪದವಿ ಇದ್ದರೆ ಮಾತ್ರ ಎಂಬ ಕಡ್ಡಾಯವೂ ಇಲ್ಲ. ಆದರೆ ಪೈಪೋಟಿ ವಿಪರೀತ, ನೂರು ಜನ ಹಾಕಿದರೆ ಹತ್ತು ಜನಕ್ಕೂ ಸಿಗುವುದಿಲ್ಲ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸಿದರೆ ನಾನು ಮೋಸಗಾರನಾಗುತ್ತೇನೆ.

ಇದೆಲ್ಲ ನನಗೆ ಗೊತ್ತಾದದ್ದು ನಮ್ಮ ಪ್ರೆಸ್ಸಿನಲ್ಲಿ ಸಂಜೆ ಹೊತ್ತು ಡಿಟಿಪಿ ಮಾಡುವ ಹುಡುಗಿಯಿಂದ. ಹಾಸನದ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಲ್ಲಿ ಇಂಜಿನಿಯರಿಂಗು. ಕಳೆದ ಸಲ ಇಂಥದೇ ಒಂದು ಕಾರ್ಯಕ್ರಮಕ್ಕೆ ಅರ್ಜಿ ತುಂಬುತ್ತಿದ್ದಳು. ಹದಿನೈದು ದಿನ ತುಂಬಿದಳು. ಗಡುವು ಮುಗಿದ ಮೇಲೆ ಏನಾಯಿತಮ್ಮ ಎಂದು ಕೇಳಿದೆ. ಕಳಿಸಲೇ ಇಲ್ಲ ಅಂದಳು. ಎಲ್ಲ ತುಂಬಿ, ಕೊನೆಯ ಗುಂಡಿ ಒತ್ತದೆ ಪರದೆ ಮುಚ್ಚಿದ್ದಾಳೆ!

"ಅಣ್ಣಾ, ಅಲ್ಲಿಗೆಲ್ಲ ಐಐಟಿಯವರು, ಫಾರಿನ್ನಲ್ಲಿ ಪಿಎಚ್‌ಡಿ ಮಾಡೋರು ಹಾಕ್ತಾರೆ. ನಮ್ಮಂಥೋರ್ದು ಯಾರು ಓದ್ತಾರೆ?"

ಕೋಪ ಬಂತು. ಆದರೆ ಬೈಯುವ ಯೋಗ್ಯತೆ ನನಗಿರಲಿಲ್ಲ. ಯಾಕೆಂದರೆ ಪಿಯುಸಿ ಆದ ವರ್ಷ ನಾನೂ ಮುದ್ರಣ ತಂತ್ರಜ್ಞಾನದ ಡಿಪ್ಲೊಮಾಕ್ಕೆ ಎಂದು ಒಂದು ಅರ್ಜಿ ತಂದಿದ್ದೆ. ಪೂರ್ತಿ ಇಂಗ್ಲಿಷಿನಲ್ಲಿತ್ತು. ಮೊದಲ ಪುಟದಲ್ಲೇ ಎರಡು ಪದ ಅರ್ಥವಾಗಲಿಲ್ಲ. ಕೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಅಟ್ಟದ ಮೇಲೆ ಎಸೆದೆ. ಅಪ್ಪ ತೀರಿಕೊಂಡ ವರ್ಷ ಹಳೆಯ ಮೊಳೆಯ ಪೆಟ್ಟಿಗೆಗಳನ್ನು ಇಳಿಸುವಾಗ ಕೈಗೆ ಸಿಕ್ಕಿತು, ಹೆಸರೊಂದನ್ನು ಮಾತ್ರ ತುಂಬಿದ ಅರ್ಜಿ. ಅದನ್ನು ತಂದು ಆ ಹುಡುಗಿಯ ಮುಂದೆ ಇಟ್ಟೆ. ಏನೂ ಹೇಳಲಿಲ್ಲ.

ಗೆಳೆಯರೇ, ಬೇರೆಯವರು ನಮ್ಮ ಬಾಗಿಲು ಮುಚ್ಚಿದರೆ ನಾವು ಧರಣಿ ಕೂರುತ್ತೇವೆ, ಘೋಷಣೆ ಕೂಗುತ್ತೇವೆ, ಕೂಗಲೇಬೇಕು. ನಮ್ಮ ಬಾಗಿಲನ್ನು ನಾವೇ ಒಳಗಿನಿಂದ ಚಿಲಕ ಹಾಕಿಕೊಂಡರೆ ಯಾರ ವಿರುದ್ಧ ಕೂಗುತ್ತೀರಿ?

ಮುಂದಿನ ಸಲಕ್ಕೆ ಇಬ್ಬರೂ ಕೂತೆವು. ಅವಳು ಬರೆಯುವವಳು, ನಾನು ಕರಡು ತಿದ್ದುವವನು. ನನಗೆ ವಿಷಯ ಗೊತ್ತಿಲ್ಲ, ಆದರೆ ಅರ್ಥವಾಗದ ಸಾಲು ಯಾವುದು ಎಂಬುದು ಗೊತ್ತಾಗುತ್ತದೆ. ಪ್ರೂಫ್ ರೀಡರ್‌ಗೆ ಬೇಕಾದದ್ದು ಅಷ್ಟೇ.

ಈ ಅರ್ಜಿಗಳ ಗುಟ್ಟು ಏನೆಂದರೆ, ಮಾರ್ಕ್ಸ್‌ಕಾರ್ಡಿಗಿಂತ ಮಾಡಿದ ಕೆಲಸ ನೋಡುತ್ತಾರೆ. ಯಾವ ಗುರುವಿನ ಹತ್ತಿರ ಕಲಿಯಬೇಕು ಎಂದು ನೀವೇ ಆರಿಸಬೇಕು, ಒಬ್ಬೊಬ್ಬ ಗುರುವಿನ ಪ್ರಶ್ನೆಯೂ ಬೇರೆ. ಕೆಲವರು ಕೋಡ್ ಪರೀಕ್ಷೆ ಕೊಡುತ್ತಾರೆ. ನೀಲ್ ನಂದಾ ಎಂಬುವರಿದ್ದಾರೆ, ಗೂಗಲ್ ಡೀಪ್‌ಮೈಂಡ್‌ನಲ್ಲಿ ಮಾದರಿಗಳ ಒಳಗನ್ನು ಬಿಡಿಸಿ ನೋಡುವ ಕೆಲಸ ಮಾಡುವವರು. ಅವರ ಹತ್ತಿರ ಹೋಗಬೇಕಾದರೆ ನೀವೇ ಒಂದು ಪ್ರಶ್ನೆ ಆರಿಸಿ, ಹತ್ತಿಪ್ಪತ್ತು ಗಂಟೆ ಅದರ ಮೇಲೆ ಕೆಲಸ ಮಾಡಿ, ಕಂಡದ್ದನ್ನು ಬರೆದು ಕಳಿಸಬೇಕು. ಮೊದಲಿಗೆ ಒಂದು ಚಿಕ್ಕ ಸಾರಾಂಶ. ಪ್ರಯೋಗ ಫಲಿಸಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದರೂ ಅವರಿಗೆ ಒಪ್ಪಿಗೆ. ಫಲಿಸದ್ದನ್ನು ಫಲಿಸಿತು ಎಂದು ಬಣ್ಣ ಹಚ್ಚಿದರೆ ಒಪ್ಪಿಗೆಯಿಲ್ಲ. ಇದು ನನಗೆ ಬಹಳ ಹಿಡಿಸಿತು. ನಾನು ಒಮ್ಮೆ ಮದುವೆ ಪತ್ರಿಕೆಯಲ್ಲಿ ಮುಹೂರ್ತದ ವಾರ ತಪ್ಪು ಹಾಕಿ 500 ಪ್ರತಿ ಹೊಡೆದೆ. ಗಿರಾಕಿಗೆ ಗೊತ್ತಾಗುವ ಮೊದಲೇ ಹೋಗಿ ಹೇಳಿದೆ. ಅವತ್ತು ಬೈದರು, ಆದರೆ ಅವರ ಮೂವರು ಮಕ್ಕಳ ಮದುವೆಯ ಪತ್ರಿಕೆಯೂ ನನ್ನ ಪ್ರೆಸ್ಸಿನಲ್ಲೇ ಆಯಿತು.

ಹಾಗಾದರೆ ಯಾವ ಪ್ರಶ್ನೆ ಆರಿಸುವುದು? ಇಲ್ಲಿ ನೀವು ಕನ್ನಡಿಗರಾಗಿ ಹುಟ್ಟಿದ್ದು ಕೆಲಸಕ್ಕೆ ಬರುತ್ತದೆ.

2023ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಒಂದು ಪರೀಕ್ಷೆ ಮಾಡಿದರು. ಹೇಳಬಾರದ ಅಪಾಯಕಾರಿ ವಿಷಯಗಳನ್ನು ಜಿಪಿಟಿ-4ಗೆ ಇಂಗ್ಲಿಷಿನಲ್ಲಿ ಕೇಳಿದರೆ ನೂರಕ್ಕೆ ಒಂದು ಸಲವೂ ಬಾಯಿ ಬಿಡಲಿಲ್ಲ. ಅವೇ ಪ್ರಶ್ನೆಗಳನ್ನು ಗೂಗಲ್ ಅನುವಾದದಿಂದ ಜುಲು, ಸ್ಕಾಟ್ಸ್ ಗೇಲಿಕ್, ಹ್ಮಾಂಗ್, ಗ್ವಾರಾನಿ ಭಾಷೆಗಳಿಗೆ ತಿರುಗಿಸಿ ಒಂದಾದ ಮೇಲೊಂದರಲ್ಲಿ ಪ್ರಯತ್ನಿಸಿದರೆ ನೂರಕ್ಕೆ 79 ಪ್ರಶ್ನೆಗಳಿಗೆ ಬಾಯಿ ಬಿಟ್ಟಿತು! ಕಾವಲುಗಾರ ಇಂಗ್ಲಿಷ್ ಬಾಗಿಲಲ್ಲಿ ನಿಂತಿದ್ದ, ಈ ಬಾಗಿಲುಗಳು ಹಾರುಹೊಡೆದಿದ್ದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡದ ಬಾಗಿಲು ಹೇಗಿದೆ ಎಂದು ಬರ್ಕ್ಲಿಯವನು ನೋಡಲಾರ. ಅನುವಾದ ಸರಿಯಿದೆಯೋ ಇಲ್ಲವೋ ಅವನಿಗೆ ತಿಳಿಯುವುದಿಲ್ಲ. ಮೈಸೂರಿನ ಕನ್ನಡ, ಧಾರವಾಡದ ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ ನೀವು ವಾಟ್ಸಾಪಿನಲ್ಲಿ ಕುಟ್ಟುವ ಕನ್ನಡ, ಇವುಗಳಲ್ಲಿ ಯಂತ್ರ ಬೇರೆಬೇರೆ ಥರ ನಡೆದುಕೊಳ್ಳುತ್ತದೆಯೇ ಎಂದು ಕೇಳುವುದೂ ಅವನಿಗೆ ಹೊಳೆಯುವುದಿಲ್ಲ. ನಿಮಗೆ ಹೊಳೆಯುತ್ತದೆ.

ಇದರ ಬೇರು ಎಲ್ಲಿದೆ ಎಂಬುದು ಅಚ್ಚುಮೊಳೆ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಮೊಳೆ ಸಾಕು. ನಮ್ಮ ತಂದೆಯವರ ಕಾಲದಲ್ಲಿ ಕನ್ನಡಕ್ಕೆ ಒತ್ತು, ಕೊಂಬು, ಏತ್ವ ಎಂದು ಗೋಡೆ ತುಂಬ ಮೊಳೆಯ ಖಾನೆಗಳು. ಕಂಪ್ಯೂಟರಿನಲ್ಲೂ ಅದೇ ಕಥೆ. ಯೂನಿಕೋಡಿನಲ್ಲಿ 'ಕ್ಕೆ' ಎಂಬ ಒಂದು ಅಕ್ಷರ ನಾಲ್ಕು ತುಂಡು, ಕಡತದಲ್ಲಿ 12 ಬೈಟು. ಇಂಗ್ಲಿಷಿನ ಅಕ್ಷರ ಒಂದೇ ಬೈಟು. ಯಂತ್ರ ಪಠ್ಯವನ್ನು ಚೂರು ಮಾಡಿ ನುಂಗುವಾಗ ಕನ್ನಡದ ವಾಕ್ಯ ಹೆಚ್ಚು ಚೂರಾಗುತ್ತದೆ, ಅರ್ಥ ಹಿಡಿಯುವುದು ಕಷ್ಟವಾಗುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಓದಿಸಲು ಸಿಕ್ಕ ಕನ್ನಡವೇ ಕಡಿಮೆ ಎಂಬುದು. ಇದರಲ್ಲಿ ನನ್ನಂಥ ಪ್ರೆಸ್ಸಿನವರ ಪಾಲೂ ಇದೆ, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ಸಾವಿರಾರು ಪುಟ ಕನ್ನಡವನ್ನು ಹಳೆಯ ನುಡಿ ಫಾಂಟಿನಲ್ಲಿ ಹೊಡೆದೆವು. ಫಾಂಟು ತೆಗೆದರೆ ಕೆಳಗೆ ಕನ್ನಡವೇ ಇಲ್ಲ, ಇಂಗ್ಲಿಷ್ ಸಂಕೇತಗಳ ಕಸ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ!

ನಮ್ಮ ಹುಡುಗಿ ಇದನ್ನೇ ಹಿಡಿದಳು. ಪುಕ್ಕಟೆ ಇಳಿಸಿಕೊಳ್ಳಬಹುದಾದ ಗೆಮ್ಮಾ ಎಂಬ ಪುಟ್ಟ ಮಾದರಿ, ಗೂಗಲ್ ಕೋಲ್ಯಾಬ್ ಪುಕ್ಕಟೆ ಕೊಡುವ ಕಂಪ್ಯೂಟರ್ ಶಕ್ತಿ. ಇಂಗ್ಲಿಷಿನಲ್ಲಿ ಅದು ಉತ್ತರಿಸಲು ನಿರಾಕರಿಸುವ ಪ್ರಶ್ನೆಗಳನ್ನು ತಾನೇ ಕೈಯಾರೆ ಕನ್ನಡಕ್ಕೆ ತಂದು ಕೇಳಿದಳು. ಮೊದಲ ರಾತ್ರಿ ಕುಣಿದಾಡಿದಳು, "ಅಣ್ಣಾ, ಕನ್ನಡದಲ್ಲಿ ಕೇಳಿದ್ರೆ ನಿರಾಕರಿಸ್ತಾನೇ ಇಲ್ಲ!" ಅಂತ. ಉತ್ತರಗಳನ್ನು ನಾನು ಓದಿದೆ. ಎಷ್ಟೋ ಕಡೆ ಕೇಳಿದ್ದೇ ಒಂದು, ಅದು ಬಡಬಡಿಸಿದ್ದೇ ಇನ್ನೊಂದು. ಅಲ್ಲಮ್ಮ, ಇದಕ್ಕೆ ಪ್ರಶ್ನೆಯೇ ಅರ್ಥವಾಗಿಲ್ಲ, ಇದನ್ನು ಬಾಯಿ ಬಿಟ್ಟಿತು ಅಂತ ಹೇಗೆ ಲೆಕ್ಕ ಹಾಕುತ್ತೀ ಎಂದೆ. ಮುಖ ಸಣ್ಣದಾಯಿತು. ಆದರೆ ನಿಜವಾದ ಸಂಶೋಧನೆ ಶುರುವಾದದ್ದು ಅಲ್ಲಿಂದಲೇ. ಅರ್ಥವಾಗಿಯೂ ನಿರಾಕರಿಸಲಿಲ್ಲವೋ, ಅರ್ಥವಾಗದೆ ನಿರಾಕರಿಸಲಿಲ್ಲವೋ? ಎರಡನ್ನೂ ಬೇರ್ಪಡಿಸಲು, ಅಷ್ಟೇ ಕಷ್ಟದ ನಿರುಪದ್ರವಿ ಪ್ರಶ್ನೆಗಳನ್ನೂ ಕನ್ನಡದಲ್ಲಿ ಕೇಳಿ ಪಕ್ಕಕ್ಕಿಟ್ಟುಕೊಂಡಳು. ಅವಕ್ಕೆ ಸರಿಯಾದ ಉತ್ತರ ಬರುವ ಕಡೆ ಮಾತ್ರ ನಿರಾಕರಣೆಯ ಲೆಕ್ಕ ಹಿಡಿದಳು.

ಇನ್ನೂ ಒಳಗೆ ಹೋಗಲು ದಾರಿ ಇದೆ. 2024ರಲ್ಲಿ ಇದೇ ಮ್ಯಾಟ್ಸ್‌ನಲ್ಲಿ ಕಲಿಯುತ್ತಿದ್ದವರ ತಂಡ ನೀಲ್ ನಂದಾ ಅವರ ಮಾರ್ಗದರ್ಶನದಲ್ಲಿ ಒಂದು ಸಂಗತಿ ಕಂಡುಹಿಡಿಯಿತು. ನಿರಾಕರಿಸುವ ಗುಣ ಮಾದರಿಯ ಒಳಗಿನ ಲೆಕ್ಕಾಚಾರದಲ್ಲಿ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಕೂತಿದೆ. 13 ಮಾದರಿಗಳಲ್ಲಿ ಪರೀಕ್ಷಿಸಿದರು. ಆ ದಿಕ್ಕನ್ನು ಅಳಿಸಿದರೆ ಅಪಾಯಕಾರಿ ಪ್ರಶ್ನೆಗೂ ಉತ್ತರ ಕೊಡುತ್ತದೆ, ಅದನ್ನು ಕೂಡಿಸಿದರೆ ಸಾಧುವಾದ ಪ್ರಶ್ನೆಗೂ ಆಗುವುದಿಲ್ಲ ಎನ್ನುತ್ತದೆ. ಕಲಿಯಲು ಹೋದವರೇ ಇದನ್ನು ಕಂಡರು, ನೆನಪಿಡಿ. ಹಾಗಾದರೆ ಕನ್ನಡದಲ್ಲಿ ಕೇಳಿದಾಗ ಆ ದಿಕ್ಕು ಎಷ್ಟು ಮಿಡಿಯುತ್ತದೆ? ಅಳೆಯಬಹುದು. ನಮ್ಮವಳು ಅಳೆಯಲು ಹೊರಟು ಅರ್ಧ ದಾರಿಯಲ್ಲಿ ಸಮಯ ಮುಗಿಯಿತು. ಅಳೆದಷ್ಟನ್ನು ಬರೆದು, ಇಲ್ಲಿಗೆ ನಿಂತಿದ್ದೇನೆ, ಮುಂದೆ ಹೀಗೆ ಮಾಡುತ್ತಿದ್ದೆ ಎಂದು ಬರೆದಳು. ಅಪಾಯದ ಉತ್ತರಗಳನ್ನು ಮಾತ್ರ ಎಲ್ಲೂ ಅಂಟಿಸಲಿಲ್ಲ. ನೀವೂ ಅಂಟಿಸಬೇಡಿ.

ಅರ್ಜಿ ಇಂಗ್ಲಿಷಿನಲ್ಲೇ ಬರೆಯಬೇಕು. ಇದಕ್ಕೆ ಹುಬ್ಬು ಗಂಟಿಕ್ಕಬೇಡಿ. ಅವರ ಅಂಗಡಿಗೆ ಹೋಗುವಾಗ ಅವರ ನಾಣ್ಯ ಬೇಕು. ಆದರೆ ಷೇಕ್ಸ್‌ಪಿಯರ್ ಆಗಬೇಕಿಲ್ಲ, ಸಣ್ಣ ವಾಕ್ಯ ಸಾಕು. ನಮ್ಮವಳ ಮೊದಲ ಕರಡನ್ನು ಚಾಟ್‌ಜಿಪಿಟಿ ಮೆರುಗು ಹಚ್ಚಿ ಕೊಟ್ಟಿತ್ತು. ಚಿಕ್ಕಂದಿನಿಂದಲೂ ತಂತ್ರಜ್ಞಾನದ ಬಗ್ಗೆ ಅದಮ್ಯ ಆಸಕ್ತಿ ಎಂದೆಲ್ಲ ಇತ್ತು. ನಿಜವೇನಮ್ಮ ಎಂದೆ. ಇಲ್ಲ ಅಣ್ಣ, ಚಿಕ್ಕಂದಿನಲ್ಲಿ ಟೀಚರ್ ಆಗ್ಬೇಕು ಅಂತಿತ್ತು ಅಂದಳು. ಹೊಡೆದುಹಾಕಿದೆ. ಹಳೆ ಫಾಂಟಿನ ಕನ್ನಡ ಯಂತ್ರಕ್ಕೆ ಕಸವಾಗುವುದನ್ನು ಡಿಟಿಪಿ ಮಾಡುತ್ತ ಕಂಡೆ, ಅಲ್ಲಿಂದ ಈ ಪ್ರಶ್ನೆ ಹುಟ್ಟಿತು ಎಂದು ಬರೆಸಿದೆ. ಮೂರು ಸಾಲು. ನಿಜ.

ಪರಿಚಯ ಹೇಳುವವರ ಹೆಸರು ಕೇಳುತ್ತಾರೆ. ನಮ್ಮಲ್ಲಿ ಶಿಫಾರಸು ಎಂದರೆ ಎಂಎಲ್‌ಎ ಪತ್ರ! ಅಲ್ಲಿ ಅದು ನಡೆಯುವುದಿಲ್ಲ. ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರ ಹೆಸರು ಕೊಡಿ, ಅವರು ಸಣ್ಣ ಲೆಕ್ಚರರ್ ಆದರೂ ಸರಿ. ಗಡುವು ನೋಡುವಾಗ ಯಾವ ದೇಶದ ಗಡಿಯಾರ ಎಂದು ನೋಡಿ. ಭೂಮಿಯ ಮೇಲೆ ಎಲ್ಲಿಯಾದರೂ ಎಂಬ ಲೆಕ್ಕದಲ್ಲಿ ರಾತ್ರಿ 11.59 ಎಂದಿದ್ದರೆ ನಮಗೆ ಮರುದಿನ ಸಂಜೆ 5.29ರವರೆಗೆ ಸಮಯವಿದೆ. ಕ್ಯಾಲಿಫೋರ್ನಿಯಾ ಗಡಿಯಾರವಾದರೆ ಅಷ್ಟಿಲ್ಲ. ಕೆಲವು ಕಾರ್ಯಕ್ರಮಗಳು ಅಮೆರಿಕ, ಬ್ರಿಟನ್, ಕೆನಡಾದಲ್ಲಿ ಕೆಲಸದ ಪರವಾನಗಿ ಇದ್ದವರಿಗೆ ಮಾತ್ರ, ಅದನ್ನು ಮೊದಲೇ ಓದಿಕೊಳ್ಳಿ. ತಿಂಗಳುಗಟ್ಟಲೆ ಬರೆದು ಕೊನೆಗೆ ಕಣ್ಣೀರು ಹಾಕಬೇಡಿ.

ಮನೆಯಲ್ಲೇ ಕೂತು, ಓದಿನ ಜೊತೆ ಮಾಡುವಂಥವೂ ಇವೆ. ಸ್ಪಾರ್ ಎಂಬುದೊಂದು, ಎಐ ಸೇಫ್ಟಿ ಕ್ಯಾಂಪ್ ಎಂಬುದೊಂದು. ಅಡಿಪಾಯಕ್ಕೆ ಬ್ಲೂಡಾಟ್‌ನವರ ಕೋರ್ಸುಗಳು. ಲಂಡನ್ನಿನ ಅರೆನಾ ತರಬೇತಿಯ ಪಾಠಗಳು, ಅಭ್ಯಾಸಗಳು ಯಾರು ಬೇಕಾದರೂ ಪುಕ್ಕಟೆ ಓದುವಂತೆ ತೆರೆದಿಟ್ಟಿದ್ದಾರೆ. ಪೈಥಾನ್ ಬಂದರೆ ಶುರು ಮಾಡಬಹುದು. ಗಣಿತ ಕೈಕೊಟ್ಟವನು ನಾನು, ಆದರೆ ನಿಮಗೆ ಹೇಳುತ್ತೇನೆ, ಲೀನಿಯರ್ ಆಲ್ಜೀಬ್ರಾ ಬಿಡಬೇಡಿ.

ಅವಳಿಗೆ ಸಿಕ್ಕಿತಾ ಎಂದು ಕೇಳುತ್ತೀರಿ. ಈ ಸಲ ಗುಂಡಿ ಒತ್ತಿದಳು, ನಾನೂ ಪಕ್ಕದಲ್ಲೇ ನಿಂತಿದ್ದೆ. ಮೊದಲ ಸುತ್ತು ದಾಟಿತು, ಎರಡನೆಯದರಲ್ಲಿ ಬೇಡ ಎಂದರು. ಎರಡು ದಿನ ಪ್ರೆಸ್ಸಿಗೆ ಬರಲಿಲ್ಲ. ಮೂರನೇ ದಿನ ಬಂದು, ಅದೇ ಬರಹವನ್ನು ತಿದ್ದಿ ಮನೆಯಿಂದಲೇ ಮಾಡುವ ಇನ್ನೊಂದು ಕಾರ್ಯಕ್ರಮಕ್ಕೆ ಹಾಕಿದಳು. ಅಲ್ಲಿ ತೆಗೆದುಕೊಂಡರು. ಈಗ ವಾರಕ್ಕೊಮ್ಮೆ ರಾತ್ರಿ ಹತ್ತಕ್ಕೆ ಅವಳ ಗುರುವಿನ ಜೊತೆ ಮಾತು. ಅವಳು ಕನ್ನಡದ ಒತ್ತಕ್ಷರ ಹೇಗೆ ತುಂಡಾಗುತ್ತದೆ ಎಂದು ಅವರಿಗೆ ಬಿಡಿಸಿ ಹೇಳುವುದು ನನ್ನ ಮೆಷಿನ್ ಸದ್ದಿನ ನಡುವೆಯೂ ಕೇಳಿಸುತ್ತದೆ.

ನಮ್ಮ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇವೆ, ಇಂಟರ್ನೆಟ್ಟು ಇದೆ. ರಾತ್ರಿ ಎಂಟರ ಮೇಲೆ ಖಾಲಿ. ಅರ್ಜಿ ತುಂಬುವವರು ಬನ್ನಿ, ಕರಡು ತಂದರೆ ಕೆಂಪು ಶಾಯಿಯಲ್ಲಿ ತಿದ್ದಿಕೊಡುತ್ತೇನೆ. ಟೀ ನಿಮ್ಮದು, ಏಕೆಂದರೆ ಈ ತಿಂಗಳು ಕಾಗದದ ರೇಟು ಜಾಸ್ತಿಯಾಗಿದೆ.